ಸೊನ್ನೆ ಆರು ನಾಲ್ಕು

ಮೂರನೆಯ ಸಲವೂ ಎಂಜಿನ್ ಬಿದ್ದದ್ದು ಅದೇ ತಿರುವಿನಲ್ಲಿ. ಬಿದ್ದದ್ದು ಅಂದರೆ ಮಗುಚಿಕೊಂಡದ್ದಲ್ಲ. ಮುಂದಿನ ಎರಡು ಗಾಲಿ ಕಂಬಿಯಿಂದ ಇಳಿದು ಜಲ್ಲಿಯಲ್ಲಿ ಹೂತು, ಎಮ್ಮೆ ಕೆಸರಿಗೆ ಮೂತಿ ಇಟ್ಟ ಹಾಗೆ ನಿಂತುಬಿಟ್ಟಿತ್ತು. ಹಿಂದೆ ಶ್ರೀನಿವಾಸಪುರದಿಂದ ಹೊರಟಿದ್ದ ಆರು ವ್ಯಾಗನ್ ಮಾವು. ಮೇ ತಿಂಗಳ ಬಿಸಿಲು. ಆ ಘಮಲು ಇಡೀ ಬಯಲಿಗೆ ಹಬ್ಬಿತ್ತು.

ಗ್ಯಾಂಗ್ ಮೇಸ್ತ್ರಿ ಚನ್ನರಾಯಪ್ಪ ತನ್ನ ಎಂಟು ಆಳುಗಳ ಜೊತೆ ಜಾಕಿ ಕೊಟ್ಟು, ದಿಮ್ಮಿ ತುರುಕಿ, ಎಂಜಿನ್ನನ್ನು ಮತ್ತೆ ಕಂಬಿಗೆ ಕೂರಿಸುವಷ್ಟರಲ್ಲಿ ಸಂಜೆ ನಾಲ್ಕು. ಬೆವರು ಒರೆಸಿಕೊಳ್ಳಲೂ ಬಿಡದೆ ಟ್ರಾಲಿಯಲ್ಲಿ ಬಂದಿಳಿದರು ಇನ್ಸ್‌ಪೆಕ್ಟರ್.

"ಏನ್ರೀ ಮೇಸ್ತ್ರಿ, ಎರಡು ತಿಂಗಳಲ್ಲಿ ಮೂರು ಸಲ! ನಿಮ್ಮ ತಿರುವೇ ಸರಿ ಇಲ್ಲ."

"ತಿರುವು ಸರೀಗೈತೆ ಸಾರ್. ಹದಿನೆಂಟು ವರ್ಷದಿಂದ ನಾನೇ ನೋಡ್ಕೊಂಡಿದೀನಿ. ಬೇರೆ ಎಂಜಿನ್ ಒಂದೂ ಬಿದ್ದಿಲ್ಲ. ಇದು ಬಂದ್ಮೇಲೇನೇ…"

"ಎಂಜಿನ್ ಸರಿ ಇದೆ ಅಂತ ವರ್ಕ್‌ಶಾಪಿನ ಕಾಗದ ಇದೆ. ನಿಮ್ಮ ಹತ್ರ ಏನ್ ಕಾಗದ ಇದೆ? ಶುಕ್ರವಾರ ಸಾಹೇಬರು ವಿಚಾರಣೆಗೆ ಬರ್ತಾರೆ. ಲೈನ್ ತಪ್ಪು ಅಂತಾದ್ರೆ ನಿಮ್ಮ ಮೇಸ್ತ್ರಿಗಿರಿ ಹೋಯ್ತು, ತಿಳ್ಕೊಳ್ಳಿ. ಮತ್ತೆ ಗ್ಯಾಂಗ್‌ಮನ್ ಆಗಿ ಬೇರೆ ಕಡೆ ಹೋಗ್ತೀರಿ."

ಅವತ್ತು ಸೋಮವಾರ.

ಚನ್ನರಾಯಪ್ಪ ಆ ಎಂಜಿನ್ನನ್ನು ದಿಟ್ಟಿಸಿದ. ಇನ್ಯಾವುದೋ ಲೈನಿನಿಂದ ಬಂದದ್ದು ಅದು. ಈ ಕಡೆಯ ಎಂಜಿನ್‌ಗಳಿಗೆಲ್ಲ ಮೂತಿಯ ಕೆಳಗೆ ಪುಟ್ಟ ಗಾಲಿಗಳಿರುತ್ತವೆ, ಅವುಗಳ ಹಿಂದೆ ದೊಡ್ಡವು. ಇದಕ್ಕೆ ಮುಂದೆ ಪುಟ್ಟ ಗಾಲಿ ಇಲ್ಲವೇ ಇಲ್ಲ. ಹೊಟ್ಟೆಯ ಕೆಳಗೆ ಆರು ದೊಡ್ಡ ಗಾಲಿ, ಹಿಂದೆ ಕಲ್ಲಿದ್ದಲ ಡಬ್ಬದ ಕೆಳಗೆ ನಾಲ್ಕು ಪುಟ್ಟವು. ಶೆಡ್ಡಿನ ಪುಸ್ತಕದಲ್ಲಿ ಇದನ್ನು ಸೊನ್ನೆ-ಆರು-ನಾಲ್ಕು ಅಂತ ಬರೆದಿದ್ದರು. ಗ್ಯಾಂಗಿನವರು ಮಾತ್ರ ಕುಂಡಿಗಾಲಿ ಎಂದೇ ಕರೆಯುತ್ತಿದ್ದರು.

ಮಂಗಳವಾರ ಬೆಳಕು ಹರಿಯುವ ಮುಂಚೆಯೇ ಚನ್ನರಾಯಪ್ಪ ಗೇಜ್ ಪಟ್ಟಿ ಹಿಡಿದು ತಿರುವಿನ ಈ ತುದಿಯಿಂದ ಆ ತುದಿಯವರೆಗೆ ಕಂಬಿಯಡಿಯ ಒಂದೊಂದು ಸ್ಲೀಪರ್ ದಿಮ್ಮಿಗೂ ಕೂತು ಕೂತು ಅಳೆದ. ಎರಡು ಕಂಬಿಗಳ ನಡುವಿನ ಅಗಲ ಎಲ್ಲೂ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಹೊರಗಿನ ಕಂಬಿ ಎಷ್ಟು ಎತ್ತರ ಇರಬೇಕೋ ಅಷ್ಟೇ ಇತ್ತು. ಆದರೆ ಇದನ್ನು ಬಾಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಕಣ್ಣಿಗೆ ಕಾಣಬೇಕು.

ಮನೆಗೆ ಹೋಗಿ ಹಿತ್ತಿಲಲ್ಲಿ ನೆನೆಹಾಕಿದ್ದ ಸುಣ್ಣದ ಗಡಿಗೆ ಎತ್ತಿಕೊಂಡ. ಹೆಂಡತಿ ಭಾರತಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದವಳು ಎದ್ದು ಬಂದಳು.

"ಅಲ್ಲಯ್ಯಾ, ಮನೆಗೆ ಸುಣ್ಣ ಹೊಡಿ ಅಂತ ಯುಗಾದಿಯಿಂದ ಬಡ್ಕೋತಿದೀನಿ, ಆಗ ರಟ್ಟೆ ನೋವು. ಈಗ ಎಲ್ಲಿಗೆ ಹೊತ್ಕೊಂಡು ಹೋಗ್ತಿದೀಯ?"

"ಕಂಬಿಗೆ ಕಣೇ."

"ಕಂಬಿಗಾ? ಹೂಂ, ಹಂಗೇ ಒಂದು ರಂಗೋಲೀನೂ ಬಿಡು!"

ಆದರೂ ಸುಣ್ಣ ಅಂಟಿಕೊಳ್ಳಲಿ ಅಂತ ಒಂದು ಚೊಂಬು ರಾಗಿ ಗಂಜಿಯನ್ನು ಅವಳೇ ಗಡಿಗೆಗೆ ಸುರಿದಳು.

ಹೊರಗಿನ ಕಂಬಿಯ ಒಳಮೈಗೂ ಮೇಲಂಚಿಗೂ ಚನ್ನರಾಯಪ್ಪ ಸುಣ್ಣ ಬಳಿದ. ಗಾಲಿಯ ಅಂಚು ಪಕ್ಕದಲ್ಲಿ ಒರೆಸಿಕೊಂಡು ಹೋದರೆ ಪಕ್ಕದ ಸುಣ್ಣ ಮಾತ್ರ ಹೋಗುತ್ತದೆ. ಕಂಬಿಯ ಮೇಲೆ ಹತ್ತಲು ನೋಡಿದರೆ ಮೇಲಂಚಿನ ಮೇಲೆ ಗೀರು ಬೀಳುತ್ತದೆ. ಲೆಕ್ಕ ಇಷ್ಟೇ.

ಮಂಗಳವಾರ ಮಾವಿನ ಗಾಡಿಯನ್ನು ಎಳೆದು ತಂದದ್ದು ಹಳೇ ಎಂಜಿನ್. ಅವೇ ವ್ಯಾಗನ್, ಅದೇ ಇಳಿಜಾರು. ಗೀರು ಬೀಳಲಿಲ್ಲ. ಬುಧವಾರ ಸೊನ್ನೆ-ಆರು-ನಾಲ್ಕರ ಸರದಿ. ಬೆಳಿಗ್ಗೆ ಖಾಲಿ ವ್ಯಾಗನ್ ತೆಗೆದುಕೊಂಡು ಕೋಲಾರದ ಕಡೆಯಿಂದ ಹಿಂದುಮುಂದಾಗಿ, ಅಂದರೆ ಕಲ್ಲಿದ್ದಲ ಡಬ್ಬ ಮುಂದಾಗಿ, ಏರಿ ಹೋಯಿತು. ಗೀರಿಲ್ಲ. ಶ್ರೀನಿವಾಸಪುರದಲ್ಲಿ ಎಂಜಿನ್ ತಿರುಗಿಸುವ ಅನುಕೂಲ ಇರಲಿಲ್ಲ, ಹಾಗಾಗಿ ಮಧ್ಯಾಹ್ನ ಹೊಗೆಗೂಡು ಮುಂದಾಗಿ ಇಳಿದು ಬಂತು. ಗಾಡಿ ಹಾದ ಮೇಲೆ ಚನ್ನರಾಯಪ್ಪ ಓಡಿ ಬಗ್ಗಿ ನೋಡಿದ. ಮೇಲಂಚಿನ ಮೇಲೆ ಎರಡು ಗೇಣುದ್ದದ ಗೀರು, ಹೊಳೆಯುವ ಹಸಿ ಗೀರು.

"ಸಿಕ್ತು ಕಣೋ ಎಲ್ಲಪ್ಪ!" ಅಂತ ಕೂಗಿದ ರಭಸಕ್ಕೆ ಗ್ಯಾಂಗಿನ ಎಲ್ಲಪ್ಪ ಹಾವು ಅಂದುಕೊಂಡು ಎರಡು ಮಾರು ಹಿಂದಕ್ಕೆ ಹಾರಿದ.

ಸಂಜೆ ಟ್ರಾಲಿಯಲ್ಲಿ ಬಂದ ಇನ್ಸ್‌ಪೆಕ್ಟರ್ ಮಾತ್ರ ಬಗ್ಗಲಿಲ್ಲ. "ಏರುವಾಗ ಗಾಡಿ ನಿಧಾನ, ಇಳಿಯುವಾಗ ಜೋರು. ಅದಕ್ಕೇ ಗೀರು. ಇದರಲ್ಲಿ ಗಾಲಿಯ ಮಾತೇನು?"

ಅದೂ ಸರಿಯೇ. ಹಾಗಾದರೆ ತಿರುಗಿಸಬೇಕು ಅಂದುಕೊಂಡ ಚನ್ನರಾಯಪ್ಪ. ಎಂಜಿನ್ನನ್ನೇ ತಿರುಗಿಸಬೇಕು. ಡಬ್ಬ ಮುಂದಾಗಿ, ತುಂಬಿದ ವ್ಯಾಗನ್ ಸಮೇತ, ಅದೇ ವೇಗದಲ್ಲಿ ಇಳಿಸಬೇಕು.

ಗುರುವಾರ ಬೆಳಿಗ್ಗೆ ಮೊದಲ ಗಾಡಿಗೇ, ಎಂಜಿನ್ ತಿರುಗಿಸುವ ಟರ್ನ್‌ಟೇಬಲ್ ಇದ್ದ ಜಂಕ್ಷನ್ನಿಗೆ ಹೋದ. ಸೊನ್ನೆ-ಆರು-ನಾಲ್ಕರ ಡ್ರೈವರ್ ಪೆದ್ದಪ್ಪ ಶೆಡ್ಡಿನ ಮುಂದೆ ಕೂತು ಬೀಡಿ ಸೇದುತ್ತಿದ್ದ. ಮುಳಬಾಗಿಲಿನ ಕಡೆಯವನು, ಮಾತೆಲ್ಲ ಅರ್ಧ ತೆಲುಗು.

"ಏಮಯ್ಯಾ ಮೇಸ್ತ್ರಿ, ಇಷ್ಟು ದೂರ?"

ಚನ್ನರಾಯಪ್ಪ ಹೇಳಿದ್ದೆಲ್ಲ ಕೇಳಿ ಪೆದ್ದಪ್ಪ ಬೀಡಿ ಎಸೆದ.

"ವದ್ದು ನಾಯನಾ, ಬೇಡ! ಹಿಂದುಮುಂದಾಗಿ ಇಳಿಯೋದಾ? ಇದ್ದಲ ಧೂಳೆಲ್ಲ ನನ್ ಕಣ್ಣಿಗೆ. ಮಾವಿನ ಮಂಡಿಯೋರು ಬೇರೆ ಬೈತಾರೆ, ಸರಕು ಹೊತ್ಕೊಂಡು ಬೆನ್ನು ಮುಂದೆ ಮಾಡಿ ಹೋಗೋದು ಅಪಶಕುನ ಅಂತ. ಅದೆಲ್ಲ ಹಾಳಾಗ್ಲಿ, ಲೈನ್ ಸರೀಗೈತೆ ಅಂತ ನೀನು ತೋರಿಸಿಬಿಟ್ರೆ ಆಮೇಲೆ ಯಾರ ಕತ್ತು ಹಿಡೀತಾರೆ? ಡ್ರೈವರ್ ಜೋರಾಗಿ ಓಡಿಸ್ದ ಅಂತಾರೆ!"

ಓಹೋ, ಇವನ ಭಯ ಇದು. ಚನ್ನರಾಯಪ್ಪ ಅವನ ಪಕ್ಕದಲ್ಲೇ ಕೂತ.

"ನೋಡು ಪೆದ್ದಪ್ಪಣ್ಣ, ತಪ್ಪು ನಿಂದೂ ಅಲ್ಲ, ನಂದೂ ಅಲ್ಲ. ಕತ್ತಲಲ್ಲಿ ನಡೆಯೋವಾಗ ನಾವು ಬೆರಳಲ್ಲಿ ತಡವಿ ನೋಡಿ ಆಮೇಲೆ ಕಾಲು ಊರ್ತೀವಿ. ಆ ಪುಟ್ಟ ಗಾಲಿಗಳು ಎಂಜಿನ್ನಿಗೆ ಬೆರಳು. ತಿರುವು ಬಂದ್ರೆ ಅವು ಮೊದ್ಲು ತಿರುಗಿ, ಭಾರಾನ ಹಿಂದೆ ಕರ್ಕೊಂಡು ಹೋಗ್ತವೆ. ಇದಕ್ಕೆ ಬೆರಳು ಇರೋದು ಹಿಂದೆ. ಮುಂದೆ ಇರೋ ದೊಡ್ಡ ಗಾಲಿ ಸೀದಾ ಹೋಗಿ ಕಂಬಿಗೆ ಗುದ್ದಿ ಹತ್ತತೈತೆ. ನಾಳೆ ನೀನು ಯಾವತ್ತಿನ ವೇಗದಲ್ಲೇ ಬಾ. ಬೀಳ್ಲಿಲ್ಲ ಅಂದ್ರೆ ವೇಗದ ಮಾತೂ ಹೋಯ್ತು, ಲೈನ್ ಮಾತೂ ಹೋಯ್ತು. ಇಬ್ರೂ ಉಳ್ಕೋತೀವಿ."

"ಬಿದ್ರೆ?"

"ಬಿದ್ರೆ ನಾನೇ ತಿರುಗಿಸು ಅಂದೆ ಅಂತ ಬರ್ಕೊಡ್ತೀನಿ."

"ನಿನ್ನ ಹಟಕ್ಕೆ ನನ್ ಕಣ್ಣು ಹೋಗ್ತದೆ," ಎಂದು ಪೆದ್ದಪ್ಪ ಗೊಣಗಿ ಎದ್ದ. ಶೆಡ್ಡಿನವರಿಗೆ ಏನು ಹೇಳಿದನೋ, ಮಧ್ಯಾಹ್ನದ ಹೊತ್ತಿಗೆ ಸೊನ್ನೆ-ಆರು-ನಾಲ್ಕು ಟರ್ನ್‌ಟೇಬಲ್ ಮೇಲೆ ಕಿರುಗುಟ್ಟುತ್ತ ಮುಖ ತಿರುಗಿಸಿಕೊಂಡಿತು.

ಶುಕ್ರವಾರ ಸಾಹೇಬರು ಬಂದರು. ವಯಸ್ಸಾದವರು, ಮಾತು ಕಡಿಮೆ. ಇನ್ಸ್‌ಪೆಕ್ಟರ್ ಕಾಗದದ ಮೇಲೆ ಕಾಗದ ತೋರಿಸುತ್ತಿದ್ದಾಗ ಚನ್ನರಾಯಪ್ಪ ಕೈಮುಗಿದು, "ಒಂದು ಗಾಡಿ ನೋಡ್ಬಿಟ್ಟು ಬರೀರಿ ಸಾರ್," ಅಂದ. ಬುಧವಾರದ ಗೀರು ತೋರಿಸಿ, ಅದರ ಪಕ್ಕದಿಂದಲೇ ಹೊಸದಾಗಿ ಸುಣ್ಣ ಬಳಿದ. ಸಾಹೇಬರು ಬೇಡ ಅನ್ನಲಿಲ್ಲ. ಕೊಡೆ ಬಿಚ್ಚಿ ನಿಂತರು.

ದೂರದಲ್ಲಿ ಸೀಟಿ ಕೇಳಿತು. ಕಲ್ಲಿದ್ದಲ ಡಬ್ಬ ಮುಂದೆ ಮಾಡಿಕೊಂಡು ಗಾಡಿ ಇಳಿಜಾರು ಹಿಡಿಯಿತು. ಚನ್ನರಾಯಪ್ಪ ತಿರುವಿನ ಹೊರಗಡೆ, ಎಂಜಿನ್ ಮೂರು ಸಲ ಮೂತಿ ಇಟ್ಟಿದ್ದ ಜಾಗಕ್ಕೇ ಹೋಗಿ ನಿಂತ.

"ರೀ ಮೇಸ್ತ್ರಿ, ತಲೆ ಕೆಟ್ಟಿದೆಯಾ? ಈಚೆ ಬನ್ರೀ!" ಇನ್ಸ್‌ಪೆಕ್ಟರ್ ಅರಚಿದರು.

"ನನ್ ಲೈನ್ ಮೇಲೆ ನಂಗೆ ಭಯ ಇಲ್ಲ ಸಾರ್."

ಭಯ ಇರಲಿಲ್ಲವೆಂದಲ್ಲ, ಆದರೂ ಜಾಗ ಬಿಟ್ಟು ಕದಲಲಿಲ್ಲ. ಪೆದ್ದಪ್ಪ ವೇಗ ಒಂಚೂರೂ ತಗ್ಗಿಸಿರಲಿಲ್ಲ. ತಿರುವಿನ ಬಾಯಿಗೆ ಬಂದಾಗ ಕಿರ್ರೋ ಅಂತ ಸದ್ದಾಯಿತು. ಗ್ಯಾಂಗಿನವರು ಚೆಲ್ಲಾಪಿಲ್ಲಿ ಓಡಿದರು. ಚನ್ನರಾಯಪ್ಪನ ಕಣ್ಣು ಮಾತ್ರ ಆ ನಾಲ್ಕು ಪುಟ್ಟ ಗಾಲಿಗಳ ಮೇಲೇ ಇತ್ತು. ಅವು ಮೊದಲು ವಾಲಿ ತಿರುವು ಹಿಡಿದವು. ಹಿಂದೆಯೇ ಆರು ದೊಡ್ಡ ಗಾಲಿ ತೆಪ್ಪಗೆ ಬಂದವು. ಮಾವಿನ ವಾಸನೆ, ಹೊಗೆ, ಧೂಳು ಎಲ್ಲ ಮುಖಕ್ಕೆ ರಾಚಿ ಗಾಡಿ ಹಾದುಹೋಯಿತು.

ಸಾಹೇಬರು ಕೊಡೆ ಮಡಚಿ, ಪ್ಯಾಂಟು ಎತ್ತಿಕೊಂಡು ಜಲ್ಲಿಯ ಮೇಲೆ ಕುಕ್ಕರಗಾಲಲ್ಲಿ ಕೂತರು. ಬೆರಳಿಂದ ಕಂಬಿ ಸವರಿದರು. ಪಕ್ಕದ ಸುಣ್ಣ ಹೋಗಿತ್ತು. ಮೇಲಂಚಿನಲ್ಲಿ ಹೊಸ ಗೀರಿನ ಸುಳಿವೇ ಇರಲಿಲ್ಲ.

"ಏನು ಓದಿದೀರಿ ಮೇಸ್ತ್ರಿ?"

"ನಾಲ್ಕನೇ ಕ್ಲಾಸು ಸಾರ್."

ಸಾಹೇಬರು ಇನ್ಸ್‌ಪೆಕ್ಟರ್ ಕಡೆ ತಿರುಗಿದರು. "ಬರ್ಕೊಳ್ಳಿ. ಲೈನ್ ಸರಿಯಾಗಿದೆ. ಡ್ರೈವರ್ ತಪ್ಪೂ ಇಲ್ಲ. ಈ ಎಂಜಿನ್ ಇಳಿಜಾರಿನಲ್ಲಿ ಹಿಂದುಮುಂದಾಗಿ ಮಾತ್ರ ಇಳೀಬೇಕು. ವರ್ಕ್‌ಶಾಪಿಗೆ ನಾನೇ ಕಾಗದ ಬರೀತೀನಿ."

ಇನ್ಸ್‌ಪೆಕ್ಟರ್ ಬರೆದರು. ಬರೆದು ಮುಗಿಸಿ, ಸುಮ್ಮನಿರಲಾರದೆ, "ಆದ್ರೂ ಮೇಸ್ತ್ರಿ, ಆ ತುದೀಲಿ ಎರಡು ಸ್ಲೀಪರ್ ಕೆಳಗೆ ಜಲ್ಲಿ ಸಡಿಲ ಇದೆ," ಅಂದರು.

ಚನ್ನರಾಯಪ್ಪ ಆಗಲೇ ಗುದ್ದಲಿ ಎತ್ತಿಕೊಂಡಿದ್ದ.

"ಐತೆ ಸಾರ್, ಬೆಳಿಗ್ಗೇನೇ ನೋಡಿದೀನಿ. ಲೇ ಎಲ್ಲಪ್ಪ, ಬನ್ರೋ ಎಲ್ಲಾ! ಮುಂದಿನ ಗಾಡಿಗೆ ಇನ್ನೂ ಒಂದು ಗಂಟೆ ಟೈಮೈತೆ."