ಕಾಳನ ಕೆಂಪು ಬೆಲ್ಟ್

ದೀಪಾವಳಿಯ ಪಟಾಕಿಗೆ ಬೆದರಿ ಗೇಟು ಹಾರಿ ಓಡಿದ ಕಾಳ ಮರುದಿನವೂ ಮನೆಗೆ ಬರಲಿಲ್ಲ. ಜಯಶೀಲಮ್ಮ ಕಾಫಿಯನ್ನೂ ಮುಟ್ಟದೆ ಬಾಗಿಲಲ್ಲೇ ಕೂತರು. ಗಂಡ ತೀರಿಕೊಂಡ ಮೇಲೆ ಅವರ ಜೊತೆ ವಾಕಿಂಗ್ ಹೋಗುತ್ತಿದ್ದವನು ಆ ನಾಯಿಯೊಬ್ಬನೇ.

ಸೊಸೆ ಸೌಂದರ್ಯ ಸವಳಂಗ ರಸ್ತೆಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಡಿಸೈನರ್. ವಾಟ್ಸಾಪ್ ಗುಂಪುಗಳಿಗೆ ಹಾಕೋಣವೆಂದು ಫೋಟೊ ಹುಡುಕಿದರೆ, ಇದ್ದವುಗಳಲ್ಲೆಲ್ಲ ಕಾಳನ ಬಾಲವೋ ಬೆನ್ನೋ ಮಾತ್ರ. ಅಂಗಡಿಯಲ್ಲಿ ಬ್ಯಾನರಿಗೆ ಮಾಡುವಂತೆ, ಚಿತ್ರ ಮಾಡಿಕೊಡೆಂದು ಎಐಗೆ ಬರೆದಳು: ಕಪ್ಪು ನಾಟಿ ನಾಯಿ, ಎಡ ಮುಂಗಾಲು ಬಿಳಿ, ಬಲಗಿವಿ ಮಡಚಿದೆ. ಮೊದಲು ಬಂದದ್ದು ಮೈ ಮಿರುಗುವ ವಿದೇಶಿ ನಾಯಿ.

"ಇದೇನೇ, ಸಾಹುಕಾರರ ಮನೆ ನಾಯಿ ಇದ್ದಂಗಿದೆ. ನಮ್ಮವನು ಸ್ವಲ್ಪ ಬಡಕಲು ಅಂತ ಬರಿ," ಎಂದರು ಅತ್ತೆ.

ತಿದ್ದಿ ತಿದ್ದಿ ಬರೆದ ಮೇಲೆ ಬಂದ ಚಿತ್ರ ನೋಡಿ ಅವರ ಕಣ್ಣು ತುಂಬಿತು. "ಇವನೇ ಕಣೇ!"

ಚಿತ್ರದ ನಾಯಿಯ ಕೊರಳಲ್ಲಿ ಕೆಂಪು ಬೆಲ್ಟ್ ಇತ್ತು. ಅದನ್ನು ಸೌಂದರ್ಯ ಬರೆದಿರಲಿಲ್ಲ. ಕಾಳನಿಗೆ ಬೆಲ್ಟೇ ಇರಲಿಲ್ಲ. ಮುಖ ಹೋಲುತ್ತದಲ್ಲ, ಸಾಕು ಎಂದು ಕಳಿಸಿಬಿಟ್ಟಳು.

ವಾರದೊಳಗೆ ಭದ್ರಾವತಿಯಿಂದ ಜಗದಾಂಬಾ ಎಂಬಾಕೆ ಫೋನ್ ಮಾಡಿದರು. "ನಿಮ್ಮ ನಾಯಿ ನಮ್ಮ ಕ್ವಾರ್ಟರ್ಸ್ ಹತ್ರ ಸಿಕ್ಕಿದೆ ಕಣ್ರೀ. ಕೆಂಪು ಬೆಲ್ಟೂ ಇದೆ."

ಕಾಳನಿಗೆ ಬೆಲ್ಟಿಲ್ಲವಲ್ಲ ಎಂದು ಸೌಂದರ್ಯಳಿಗೆ ತಕ್ಷಣ ಹೊಳೆಯಿತು. ಅಷ್ಟರಲ್ಲಿ ಅತ್ತೆ ಸೀರೆ ಬದಲಿಸಿ ನಿಂತಾಗಿತ್ತು. ದಾರಿಯಲ್ಲಿ ಹೇಳೋಣವೆಂದುಕೊಂಡಳು, ಬಾಯಿ ಬರಲಿಲ್ಲ.

ಭದ್ರಾವತಿಯಲ್ಲಿ ನಾಯಿ ಕಂಬಕ್ಕೆ ಕಟ್ಟಿಸಿಕೊಂಡು ಅನ್ನ ತಿನ್ನುತ್ತಿತ್ತು. "ಕಾಳಾ, ಬಾರೋ ಮಗನೆ," ಎಂದರು ಜಯಶೀಲಮ್ಮ. ಅದು ತಲೆ ಎತ್ತಲಿಲ್ಲ. ಮುಂಗಾಲು ನೋಡಿದರು. ಪೂರ್ತಿ ಕಪ್ಪು.

"ಇವನಲ್ಲಮ್ಮ."

"ಕಾಲೊಂದು ಬಿಟ್ರೆ ಎಲ್ಲಾ ಫೋಟೊದಲ್ಲಿದ್ದಂಗೇ ಇದೆಯಲ್ಲ?" ಎಂದರು ಜಗದಾಂಬಾ.

"ಅದು ಫೋಟೊ ಅಲ್ಲ ಅಕ್ಕಾ," ಎಂದಳು ಸೌಂದರ್ಯ. "ನಾನು ಬರೆದು ಎಐನಲ್ಲಿ ಮಾಡ್ಸಿದ್ದು. ಬೆಲ್ಟು ಅದೇ ಸೇರಿಸ್ಕೊಂಡಿದ್ದು."

"ಹಂಗಂತ ಹಾಕ್ಬೇಕಿತ್ತು ಮಾರಾಯ್ತಿ. ಜನ ಬೆಲ್ಟ್ ನೋಡ್ಕೊಂಡೇ ತಾನೆ ಹುಡುಕೋದು?"

ವಾಪಸು ಬರುವಾಗ ಸೌಂದರ್ಯ ಬಸ್ಸಿನಲ್ಲೇ ಎಲ್ಲ ಗುಂಪುಗಳಿಗೂ ಬರೆದಳು: ಹಿಂದೆ ಹಾಕಿದ್ದು ನಿಜವಾದ ಫೋಟೊ ಅಲ್ಲ, ತಪ್ಪಾಯಿತು, ನಾಯಿಗೆ ಬೆಲ್ಟ್ ಇಲ್ಲ. ಆಮೇಲೆ ಗುಂಪುಗಳಿಗೆ ವಾಯ್ಸ್ ಮೆಸೇಜ್ ಕಳಿಸಲೆಂದು ಫೋನನ್ನು ಅತ್ತೆಯ ಬಾಯಿಯ ಹತ್ತಿರ ಹಿಡಿದಳು. "ಒಂದ್ಸಲ ಕರೀರಿ ಅತ್ತೆ."

ಜಯಶೀಲಮ್ಮ ಸೊಸೆಯ ಮುಖ ನೋಡಿದರು. ಬಳಿಕ ತುಂಬಿದ ಬಸ್ಸೇ ತಿರುಗಿ ನೋಡುವಂತೆ ಕರೆದರು: "ಕಾಳಾ, ಬಾರೋ ಮಗನೆ!"

ಮರುದಿನ ಬೆಳಿಗ್ಗೆ ರಾಗಿಗುಡ್ಡದಿಂದ ಗಾರೆ ಕೆಲಸದ ಸತೀಶನ ಫೋನ್. "ಕಟ್ತಿರೋ ಮನೆ ಮರಳ ಮೇಲೆ ದಿನಾ ಮಲಗಿರ್ತಿತ್ತು ಮೇಡಂ. ಬೆಲ್ಟಿಲ್ಲ ಅಂತ ಸುಮ್ನಿದ್ದೆ. ಈಗ ಅಮ್ಮನ ವಾಯ್ಸ್ ಹಾಕ್ದೆ, ಬಂದು ಫೋನ್ ನೆಕ್ತಾ ಇದೆ."

ಆಟೊದಲ್ಲಿ ಕಾಳ ಜಯಶೀಲಮ್ಮನ ತೊಡೆ ಏರಿ, ಸೀರೆಗೆಲ್ಲ ಮರಳು ಮಾಡಿದ. ಅವರು ಒಂದು ಕೈಯಲ್ಲಿ ಅವನನ್ನು ತಬ್ಬಿಕೊಂಡೇ ಸೊಸೆಗೆ ಹೇಳಿದರು: "ಮೊದ್ಲು ಆ ಜಗದಾಂಬಾಗೆ ಫೋನ್ ಹಚ್ಚು. ಅವರ ಹತ್ರ ಇರೋ ನಾಯಿ ಫೋಟೊ ಕಳಿಸೋಕೆ ಹೇಳು, ಗುಂಪಿಗೆ ಹಾಕೋಣ. ಪಾಪ, ಅವನನ್ನೂ ಯಾರೋ ಹುಡುಕ್ತಿರ್ತಾರೆ."