ಟ್ರ್ಯಾಕ್ಟರ್ ಆಯಿಲ್ ಕುಡಿದ ಜೀಪು

ಯಾರಾದರೂ ಹಿಂದಿನಿಂದ ತಳ್ಳದೆ ಬೆಳಗಿನ ಹೊತ್ತು ಕದಲುವುದಿಲ್ಲವೆಂದು ಚನ್ನಬಸಮ್ಮನ ಜೀಪು ಹಟ ಹಿಡಿದಿತ್ತು. ಡಿಸೆಂಬರ್ ಚಳಿಯಲ್ಲಿ ಸೆಲ್ಫ್ ಹೊಡೆದರೆ ಒಮ್ಮೆ ಮುಲುಕಿ ಸುಮ್ಮನಾಗುತ್ತಿತ್ತು. ಕಾಫಿ ಹಣ್ಣು ಬಿಡಿಸುವ ಪಿಕಿಂಗಿಗೆ ಹೊರಟು ಅವಳ ಅಂಗಳದಲ್ಲಿ ಸೇರಿದ ಹೆಂಗಸರೇ ಸೆರಗು ಬಿಗಿದು ಅದನ್ನು ಇಳಿಜಾರಿಗೆ ನೂಕಬೇಕು. ಎಸ್ಟೇಟು ಮುಟ್ಟುವಷ್ಟರಲ್ಲಿ ದಿನಾ ತಡ. "ಇನ್ನೊಂದಿನ ಲೇಟಾದ್ರೆ ಬೇರೆ ಜೀಪ್ ಹೇಳ್ತೀನಕ್ಕ," ಎಂದು ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಅಶೋಕ್ ಶನಿವಾರ ಖಡಾಖಂಡಿತವಾಗಿ ಹೇಳಿಬಿಟ್ಟ. ಚನ್ನಬಸಮ್ಮ ನಂಬಿದ್ದುದೇ ಆ ಬಾಡಿಗೆಯೊಂದನ್ನು.

ಭಾನುವಾರ ಸೋಮವಾರಪೇಟೆಯ ಮೆಕ್ಯಾನಿಕ್ ಮಂಜುನಾಥ ಬ್ಯಾಟರಿ ನೋಡಿದ, ಚೆನ್ನಾಗಿತ್ತು. ಆಯಿಲ್ ಗೇಜು ಎಳೆದು ಬೆರಳಿಗೆ ಸವರಿಕೊಂಡು, "ಇದೇನಕ್ಕ, ಯಾರು ಕೊಟ್ರು ಇದನ್ನ?" ಎಂದ.

"ನಮ್ಮಣ್ಣ. ಬಯಲುಸೀಮೇಲಿ ಟ್ರ್ಯಾಕ್ಟರ್ ಓಡಿಸ್ತಾನೆ. ಹಳೇ ಇಂಜಿನ್‌ಗೆ ಎಷ್ಟು ಗಟ್ಟಿ ಇದ್ರೆ ಅಷ್ಟು ಒಳ್ಳೇದಂತೆ."

"ಅವರ ಬಿಸಿಲಿಗೆ, ಅವರ ಟ್ರ್ಯಾಕ್ಟರ್‌ಗೆ ಸರಿ. ನಮ್ಮ ಚಳೀಲಿ ಇದು ಬೆಲ್ಲದ ಪಾಕ ಆಗುತ್ತೆ, ಇಂಜಿನ್ ಹೆಂಗೆ ತಿರುಗುತ್ತೆ? ಹದಿನೈದು ಡಬ್ಲ್ಯೂ ನಲವತ್ತು ಅನ್ನೋ ಆಯಿಲ್ ಹಾಕ್ತೀನಿ. ಮೊದಲ್ನೇ ನಂಬರ್ ಚಳೀದು. ಅದು ಕಮ್ಮಿ ಇದ್ದಷ್ಟೂ ಚಳೀಲಿ ಸಲೀಸಾಗಿ ಹರಿಯುತ್ತೆ. ಎರಡ್ನೇದು ಇಂಜಿನ್ ಬಿಸಿಯಾದ್ಮೇಲಿಂದು."

"ತೆಳ್ಳಗಾಗಿ ಇಂಜಿನ್ ಸವೆದ್ರೆ?"

"ಕಂಪನಿಯೋರು ಈ ಇಂಜಿನ್‌ಗೆ ಹೇಳಿರೋದೇ ಇದನ್ನ. ಹೊಗೆ ಉಗುಳ್ತಿಲ್ಲ, ಆಯಿಲ್ ಇಳೀತಿಲ್ಲ, ಇಂಜಿನ್ ಇನ್ನೂ ಚೆನ್ನಾಗೇ ಇದೆ. ಸುಮ್ನೆ ಹೆದರ್ಬೇಡಿ."

ಸೋಮವಾರ ಹೆಂಗಸರು ಬಂದವರೇ ಅಭ್ಯಾಸಬಲದಿಂದ ಜೀಪಿನ ಹಿಂದೆ ಕೈಯೂರಿ ನಿಂತರು. ಚನ್ನಬಸಮ್ಮ ದೇವರನ್ನು ನೆನೆದು ಸೆಲ್ಫ್ ಹೊಡೆದಳು. ಇಂಜಿನ್ ಒಂದೇ ಏಟಿಗೆ ಗುಡುಗಿತು. ಎಲ್ಲರಿಗಿಂತ ಹಿರಿಯಳಾದ ಸುಬ್ಬಿ ಬೆಚ್ಚಿ ಹಿಂದೆ ಸರಿದು, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕಳು.

ಹಾಜರಿಗೆ ಮುಂಚೆಯೇ ಬಂದ ಜೀಪನ್ನು ನೋಡಿ ಅಶೋಕ್ ಹುಬ್ಬೇರಿಸಿದ. "ಏನ್ರಮ್ಮ, ಇವತ್ತು ಎಲ್ರೂ ಬೇಗ ಎದ್ರಾ?"

"ಬೇಗ ಏಳೋದಾ?" ಎಂದಳು ಚನ್ನಬಸಮ್ಮ ಅರ್ಥವಾಗದೆ.

"ಅಲ್ಲಕ್ಕ, 'ನಾವೇ ಎದ್ದಿದ್ದು ತಡ, ಚನ್ನಬಸಮ್ಮ ಪಾಪ ಕಾಯ್ತಾಳೆ' ಅಂತ ಸುಬ್ಬಜ್ಜಿ ದಿನಾ ಹೇಳ್ತಿತ್ತು. ಅದಕ್ಕೇ ಇಷ್ಟು ದಿನ ತಡ್ಕೊಂಡೆ. ಇಲ್ಲಾಂದಿದ್ರೆ ಯಾವತ್ತೋ ಬೇರೆ ಜೀಪ್ ಮಾಡ್ತಿದ್ದೆ," ಎಂದ ಅಶೋಕ್.

ಹೆಂಗಸರೆಲ್ಲ ಬೈಸಿಕೊಳ್ಳುವ ಮಕ್ಕಳಂತೆ ತಮ್ಮ ತಮ್ಮ ಪಿಕಿಂಗ್ ಚೀಲ ಬಿಗಿಯತೊಡಗಿದರು. ಅವರು ಜೀಪು ನೂಕಿದ್ದು ಚನ್ನಬಸಮ್ಮನಿಗೆ ಗೊತ್ತಿತ್ತು, ತನ್ನ ಪಾಲಿನ ಬೈಗುಳ ತಿಂದಿದ್ದು ಗೊತ್ತಿರಲಿಲ್ಲ. ಅವಳು ಸುಬ್ಬಿಯ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಋಣ ಹೆಂಗೆ ತೀರಿಸ್ಲಜ್ಜಿ?" ಎಂದಳು.

"ಬಿಡವ್ವ," ಎಂದಳು ಸುಬ್ಬಿ. "ಸಂಜೆ ನಮ್ಮ ಸೌದೆ ಹೊರೆನೂ ಹತ್ತಿಸ್ಕೊಂಡು ಮನೆ ಬಾಗಿಲಿಗೆ ಬಿಡೋ ಜೀಪು ಇನ್ನೆಲ್ಲೈತೆ?"