ಗಿರಣಿ ಸುಟ್ಟವನು

ನನ್ನ ದೊಡ್ಡ ಮಗ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಗಿರಣಿಯ ಬಾಗಿಲಿಗೆ ಹೊರಗಿನಿಂದ ಅಗಳಿ ಹಾಕಿ ಬೆಂಕಿ ಇಟ್ಟ.

"ಒಳಗೆ ಗಿರಣಿಯವನ ಮಕ್ಕಳಿದ್ದಾರೆ ಕಣೋ," ಎಂದೆ.

"ಗೊತ್ತು. ಸುಡ್ತೀನಿ."

ಇದು ಆಟ. ಒಂದು ಮೇಜು, ಕಾಗದ, ಇಪ್ಪತ್ತು ಮುಖದ ದಾಳ, ನಾನು ಬರೆದ ನಕ್ಷೆ, ಇಷ್ಟೇ ಸಾಮಾನು. ಇಪ್ಪತ್ತೆಂಟು ವರ್ಷ ಸರ್ವೆ ಕಚೇರಿಯಲ್ಲಿ ಊರವರ ಜಮೀನಿಗೆ ಗೆರೆ ಎಳೆದು ಕಣ್ಣು ಹಾಳು ಮಾಡಿಕೊಂಡವಳು ನಾನು. ನಿವೃತ್ತಿಯಾದ ಮೇಲೆ ನನ್ನದೇ ಒಂದು ನಾಡು ಬರೆದೆ. ಇಂಥ ಆಟಕ್ಕೆ ಆಡುವವರು ಸ್ಯಾಂಡ್‌ಬಾಕ್ಸ್ ಎನ್ನುತ್ತಾರೆ, ಮಕ್ಕಳು ಆಡುವ ಮರಳಿನ ಗುಂಡಿ. ನಾಡು ನನ್ನದು, ಕಥೆ ನನ್ನದಲ್ಲ. ಆಡುವವನು ಒಂದು ಪಾತ್ರ ಕಟ್ಟಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು, ಏನು ಬೇಕಾದರೂ ಮಾಡಬಹುದು; ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಮಾಡಿದ್ದು ಮಾತ್ರ ಆ ನಾಡಿನಲ್ಲಿ ಹಾಗೇ ಉಳಿಯುತ್ತದೆ. ನಾನು ಕೇಳುವುದು ಒಂದೇ ಮಾತು: "ಏನು ಮಾಡ್ತೀಯ?" ಯಾರ ದಾರಿಯನ್ನೂ ತಿರುಗಿಸುವಂತಿಲ್ಲ, ದಾಳದಲ್ಲಿ ಸುಳ್ಳು ಹೇಳುವಂತಿಲ್ಲ.

ದೊಡ್ಡವನು ಲೇತ್ ಮಷೀನಿನ ಕೆಲಸದವನು, ಭಾನುವಾರ ರಜೆ. ಚಿಕ್ಕವನದು ಕಟಿಂಗ್ ಶಾಪ್, ಮಂಗಳವಾರ ರಜೆ. ಇಬ್ಬರನ್ನೂ ಬೇರೆ ಬೇರೆ ದಿನ ಆಡಿಸುವುದಕ್ಕೆ ರಜೆ ಬರೀ ನೆಪ. ಎರಡು ವರ್ಷದ ಹಿಂದೆ ಚಿಕ್ಕವನು ಗೇಟು ಹಾಕದೆ ಹೋದ. ದೊಡ್ಡವನ ನಾಯಿ ಲಾರಿಗೆ ಸಿಕ್ಕಿತು. ನಾಯಿಯ ರಕ್ತ ಮೆತ್ತಿದ ಕೈಯಲ್ಲೇ ಅವನು ಸ್ಪ್ಯಾನರ್ ಎತ್ತಿ ತಮ್ಮನ ದವಡೆಗೆ ಬೀಸಿದ. ದವಡೆ ಎರಡು ಕಡೆ ಮುರಿಯಿತು. ಮೂರು ಹಲ್ಲು ಅಂಗಳದಲ್ಲಿ ಬಿದ್ದವು, ನಾನೇ ಆರಿಸಿದೆ. ಅಂದಿನಿಂದ ಒಬ್ಬ ಮಹಡಿಯ ಮೇಲೆ, ಒಬ್ಬ ಕೆಳಗೆ. ಮಾತೆಲ್ಲ ನನ್ನ ಮೂಲಕ: "ಅವನಿಗೆ ಹೇಳಮ್ಮ, ಮೋಟರ್ ಆಫ್ ಮಾಡು ಅಂತ." ನಾನು ಇವರ ತಾಯಿಯೋ ಟಪಾಲಿನವಳೋ!

ಅದಕ್ಕೇ ಇಬ್ಬರನ್ನೂ ಗುಟ್ಟಾಗಿ ಒಂದೇ ನಾಡಿಗೆ ಬಿಟ್ಟೆ. ಎಲ್ಲೋ ಒಂದು ಕಡೆ ಎದುರಾದಾರು, ಒಂದೇ ಮೇಜಿಗೆ ಕೂತಾರು ಎಂಬ ಆಸೆ.

ಗಿರಣಿ ಸುಟ್ಟ ಎರಡೇ ದಿನಕ್ಕೆ, ಮಂಗಳವಾರ, ಚಿಕ್ಕವನು ಅಲ್ಲಿಗೆ ಬಂದ. ಅವನ ಪಾತ್ರ ಒಬ್ಬ ಸೌದೆಯವಳು, ಕೈಯಲ್ಲಿ ಕೊಡಲಿ. ಹಿಟ್ಟು ಕೊಳ್ಳಲು ಬಂದಿದ್ದಳು. ಕಂಡದ್ದನ್ನು ನಾನು ಹೇಳಲೇಬೇಕಿತ್ತು. ಬಾಗಿಲ ಹಿಂದೆ ಒಂದರ ಮೇಲೊಂದು ಬಿದ್ದ ಐದು ಹೆಣ, ಎರಡು ತೀರಾ ಚಿಕ್ಕವು.

"ಯಾರಮ್ಮ ಇಂಥ ಪಾಪಿ?"

"ಹುಡುಕು," ಎಂದೆ.

ಐದು ಗುಂಡಿ ತೋಡಿ ಹೂತ ಮೇಲೆ ಹುಡುಕತೊಡಗಿದ. ಏಳು ವಾರ ಸುಟ್ಟವನ ಕುದುರೆಯ ಲಾಳದ ಜಾಡು ಹಿಡಿದು ಹೋದ. ಆ ಲಾಳ ಕಟ್ಟಿ ಬಾಯಿ ಬಿಡದ ಕಮ್ಮಾರನ ಬೆರಳು ಒಂದೊಂದಾಗಿ ಮುರಿದ, ಅಡ್ಡ ಬಂದ ಬಾಡಿಗೆ ಬಂಟರಿಬ್ಬರ ಕತ್ತು ಕಡಿದ. ದಿನವಿಡೀ ಗಿರಾಕಿಗಳ ಕತ್ತಿಗೆ ಪೌಡರ್ ಹಚ್ಚುವ ಹುಡುಗ! ಅತ್ತ ದೊಡ್ಡವನು ಇನ್ನೆರಡು ಹಳ್ಳಿ ದೋಚಿ, ಒಂದು ಭಾನುವಾರ ಹಗ್ಗದ ಸೇತುವೆಯ ಮೇಲೆ ಬಂದು ನಿಂತ. ಮಂಗಳವಾರ ಚಿಕ್ಕವನೂ ಆಚೆಯಿಂದ ಅದೇ ಸೇತುವೆಗೆ ಕಾಲಿಟ್ಟ. ಇನ್ನು ಬೇರೆ ಬೇರೆ ಆಡಿಸುವಂತಿರಲಿಲ್ಲ. ಮುಂದಿನ ಭಾನುವಾರ ರಾತ್ರಿ, ಚಿಕ್ಕವನು ಅಂಗಡಿ ಮುಚ್ಚಿ ಬಂದ ಮೇಲೆ, ಇಬ್ಬರನ್ನೂ ಕರೆದೆ.

ಎದುರುಬದುರು ಕೂತರು. ಮೇಜಿನ ಮೇಲೆ ಒಂದೇ ನಕ್ಷೆ ಇದ್ದದ್ದನ್ನು ನೋಡಿ ಅರ್ಥವಾಗಲು ನಿಮಿಷ ಹಿಡಿಯಲಿಲ್ಲ.

"ಗಿರಣಿ ಸುಟ್ಟೋನು ಇವನೇನಮ್ಮ?" ಎಂದ ಚಿಕ್ಕವನು.

"ಹೌದು."

"ಕೊಡಲಿ ಎತ್ತಿದೀನಿ ಅಂತ ಹೇಳು ಅವನಿಗೆ."

ದೊಡ್ಡವನ ಕತ್ತಿ ಮೊದಲ ಏಟಿಗೇ ಸೌದೆಯವಳ ಕಿವಿ ಹಾರಿಸಿತು. ಕೊಡಲಿ ಅವನ ಮಂಡಿಚಿಪ್ಪು ಒಡೆಯಿತು, ಮತ್ತೆ ಬಿದ್ದು ಎಡಗೈಯನ್ನು ಮಣಿಕಟ್ಟಿನಲ್ಲಿ ಕತ್ತರಿಸಿತು. ದಾಳ ಬಿದ್ದಂತೆಲ್ಲ ನಾನು ಹೇಳುತ್ತ ಹೋದೆ, ನನ್ನ ಸ್ವರ ನನಗೇ ಕೇಳಲಾಗುತ್ತಿರಲಿಲ್ಲ. ಕೊನೆಗೆ ಕೊಡಲಿ ಎದೆಗೂಡಿಗೆ ಇಳಿಯಿತು. ಬಿದ್ದವನು ಉಳಿಯುತ್ತಾನೋ ಇಲ್ಲವೋ ಎಂಬ ಕೊನೆಯ ದಾಳ ಆಡಿಸುವವಳದು. ಹತ್ತು ದಾಟಿದರೆ ಬದುಕು.

ಎಸೆದೆ. ಮೂರು. ನನ್ನ ಅಂಗೈ ತಾನಾಗಿ ಅದನ್ನು ಮುಚ್ಚಿತು.

"ಹದಿನಾಲ್ಕು," ಎಂದೆ. "ಉಸಿರಿದೆ."

ಒಬ್ಬ ಮಗ ಇನ್ನೊಬ್ಬನನ್ನು ಕೊಂದ ಎಂದು, ಆಟಕ್ಕಾದರೂ, ನನ್ನ ಬಾಯಿಂದ ಬರಲಿಲ್ಲ.

ನನ್ನ ಬೆರಳುಗಳನ್ನು ಬಿಡಿಸಿ ನೋಡಿದ್ದು ಚಿಕ್ಕವನಲ್ಲ, ದೊಡ್ಡವನು.

"ಮೂರು," ಎಂದ. "ನಾನು ಸತ್ತೆ."

"ನನ್ನ ಕಣ್ಣು ಮಂಜು ಕಣೋ, ಇನ್ನೊಂದ್ಸಲ ಎಸೀತೀನಿ..."

"ಬೇಡಮ್ಮ. ಅವನು ಹೊಡೆದಿದ್ದನ್ನ ಅಳಿಸಬೇಡ. ನಾನು ಸ್ಪ್ಯಾನರಲ್ಲಿ ಹೊಡೆದಿದ್ದನ್ನ ಯಾರ ಕೈಲಾದ್ರೂ ಅಳಿಸೋಕಾಯ್ತಾ?"

ತನ್ನ ಪಾತ್ರದ ಕಾಗದವನ್ನು ಎರಡಾಗಿ ಹರಿದು ತಮ್ಮನ ಮುಂದಿಟ್ಟ. ನನಗೆ ಅಳು ಒತ್ತರಿಸಿ ಬಂತು, ತಡೆಯಲಿಲ್ಲ.

ಚಿಕ್ಕವನು ಆ ಚೂರುಗಳನ್ನೇ ನೋಡುತ್ತ ಕೂತ. ಅವನ ನಾಲಿಗೆ ಹಲ್ಲಿಲ್ಲದ ಸಂದಿಯಲ್ಲಿ ಓಡಾಡುತ್ತಿದ್ದುದು ಕೆನ್ನೆಯ ಮೇಲೆ ಕಾಣುತ್ತಿತ್ತು. ಆಮೇಲೆ ಒಂದು ಖಾಲಿ ಹಾಳೆ ಎಳೆದು ಮೇಜಿನ ಆಚೆಗೆ ತಳ್ಳಿದ. ನನ್ನ ಕಡೆ ತಿರುಗಲಿಲ್ಲ.

"ಹೊಸಬನ್ನ ಬರ್ಕೋ, ಅಣ್ಣ," ಎಂದ. "ಇವನೂ ಗಿರಣಿ ಸುಟ್ರೆ ಇವನನ್ನೂ ಕಡೀತೀನಿ."